ಮೈಲಾರಮ್ಮ ಹೊತ್ತ ಹರಕೆ

ರಾಯದುರ್ಗದ ಜೀನ್ಸ್ ಶೆಡ್ಡಿಗೆ ಸೇರಿದ ಮೊದಲ ದಿನವೇ ಮೈಲಾರಮ್ಮ ಬೈಸಿಕೊಂಡಳು. ಹೊಲಿಗೆ ತಪ್ಪಿತ್ತೆಂದಲ್ಲ, ಭಂಡಾರದ ದೆಸೆಯಿಂದ. ಮಷಿನ್ನಿನ ಮುಂದೆ ಕೂತವಳೇ ಸೆರಗಿನ ಗಂಟು ಬಿಚ್ಚಿ, ಮೈಲಾರಲಿಂಗನ ಅರಿಶಿನ ಪುಡಿಯನ್ನು ಒಂದು ಚಿಟಿಕೆ ಸೂಜಿಯ ಮೇಲೆ ಉದುರಿಸಿ, "ಏಳು ಕೋಟಿ" ಎಂದು ದೇವರನ್ನು ನೆನೆದು ಕಣ್ಣು ಮುಚ್ಚಿದಳು. ಕಣ್ಣು ಬಿಡುವಷ್ಟರಲ್ಲಿ ಕೆಳಗಿದ್ದ ನೀಲಿ ಪ್ಯಾಂಟಿನ ತೊಡೆಯ ಮೇಲೆ ಅಂಗೈ ಅಗಲದ ಹಳದಿ ಮಚ್ಚೆ.

ಶೆಡ್ಡಿನ ಯಜಮಾನ ಗಂಗಾಧರಪ್ಪ ಓಡಿ ಬಂದ. ಮೂಗಿಗೇರಿಸಲು ಹಿಡಿದಿದ್ದ ನಶ್ಯ ಬೆರಳಲ್ಲೇ ಉಳಿದಿತ್ತು.

"ಏನಮ್ಮಾ ಇದು? ಬಳ್ಳಾರಿ ವ್ಯಾಪಾರಿ ಕೇಳಿದ್ರ ಏನ್ ಹೇಳ್ಲಿ? ಪ್ಯಾಂಟಿಗೆ ಅರಿಶಿನ ಶಾಸ್ತ್ರ ಮಾಡೀವಿ ಅಂತ ಹೇಳ್ಲೇನು?"

"ಹಂಗ ಹೇಳ್ರಿ ಸಾವ್ಕಾರ್ರ. ಯಾವನರ ಮದುವಿ ಗಂಡು ತಗಂತಾನ," ಎಂದಳು ಮೈಲಾರಮ್ಮ.

ಇಡೀ ಶೆಡ್ಡು ನಕ್ಕಿತು. ಗಂಗಾಧರಪ್ಪ ನಗು ತಡೆಯಲು ನಶ್ಯ ಏರಿಸಿ, ಮೂರು ಸಲ ಸೀನಿ, ಅಲ್ಲಿಂದ ಹೋದ. ಮರುದಿನದಿಂದ ಮೈಲಾರಮ್ಮ ಬಟ್ಟೆ ಇಡುವ ಮೊದಲೇ ಭಂಡಾರ ಹಾಕಿ, ಒರೆಸಿ, ಆಮೇಲೆ ಕೆಲಸ ಶುರು ಮಾಡುವಳು. ದೇವರನ್ನೂ ಬಿಡಲಿಲ್ಲ, ಯಜಮಾನನನ್ನೂ ಎದುರು ಹಾಕಿಕೊಳ್ಳಲಿಲ್ಲ.

ಆಕೆ ಬೆಳುಗುಪ್ಪ ಕಡೆಯ ಕುರಿ ಸಾಕುವ ಮನೆಯ ಮಗಳು. ಗಂಡ ಹನುಮಂತರಾಯ ಕುರಿಗಳನ್ನು ತಮ್ಮನಿಗೆ ಬಿಟ್ಟು ಲಗೇಜ್ ಆಟೋ ಹಿಡಿದ ಮೇಲೆ ಇಬ್ಬರೂ ರಾಯದುರ್ಗಕ್ಕೆ ಬಂದು, ಕೋಟೆ ಗುಡ್ಡದ ಮಗ್ಗುಲಲ್ಲಿ ಬಾಡಿಗೆ ಮನೆ ಮಾಡಿದ್ದರು. ಆಗ ಊರಿನಲ್ಲಿ ಓಣಿಗೊಂದು ಹೊಲಿಗೆ ಶೆಡ್ಡು ಏಳುತ್ತಿದ್ದ ಕಾಲ. ಕುರಿ ಉಣ್ಣೆ ಕತ್ತರಿಸಿದ ಕೈ ಜೀನ್ಸ್ ಬಟ್ಟೆಗೆ ಹೊಂದಿಕೊಳ್ಳಲು ಹೆಚ್ಚು ದಿನ ಬೇಕಾಗಲಿಲ್ಲ. ಜೇಬು ಕೂಡಿಸುವುದರಲ್ಲಿ ಆಕೆಯನ್ನು ಮೀರಿಸುವವರು ಆ ಸಾಲಿನಲ್ಲೇ ಇರಲಿಲ್ಲ.

ಆಕೆಯ ಅಪ್ಪ ದೊಡ್ಡಬೀರಪ್ಪ ಸಾಯುವ ತನಕ ಹಿಂಡಿನ ಹಿಂದೆಯೇ ನಡೆದವನು. ಕುಂಟುವ ಮರಿಯೊಂದು ಸದಾ ಅವನ ಕಂಬಳಿಯ ಮಡಿಲಲ್ಲಿ ಇರುತ್ತಿತ್ತು. "ಮುಂದ ಹೋಗೋ ಕುರಿಗೆ ದಾರಿ ಗೊತ್ತಿರತೈತಿ. ಹಿಂದ ಬೀಳೋದರ ಸಲುವಾಗಿ ಬೀರಪ್ಪ ದೇವರು ನಮ್ಮನ್ನ ಇಟ್ಟಾನ" ಎನ್ನುತ್ತಿದ್ದ. ಮೈಲಾರಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಪುರಾಣ ಕೇಳಿದ್ದೂ ಕಡಿಮೆ. ಆಕೆಗೆ ಗೊತ್ತಿದ್ದ ಧರ್ಮವೆಲ್ಲ ಆ ಒಂದು ಮಾತಿನಲ್ಲಿತ್ತು. ಶೆಡ್ಡಿನಲ್ಲಿ ಯಾರಿಗೆ ಜ್ವರ, ಯಾರ ಡಬ್ಬಿ ಖಾಲಿ, ಬೆಳಿಗ್ಗೆಯಿಂದ ಯಾರು ಬಾಯಿ ಬಿಟ್ಟಿಲ್ಲ ಎಂಬುದು ಮೊದಲು ಆಕೆಯ ಕಣ್ಣಿಗೇ ಬೀಳುತ್ತಿತ್ತು.

ಮೂರನೇ ವರ್ಷ ಶೃತಿ ಬಂದಳು.

ಕಟಿಂಗ್ ಮಾಸ್ತರ ತಿಮ್ಮರಾಜು ಮಡಕಶಿರದ ಆಚೆ ಅಮರಾಪುರ ಕಡೆಯವನು. ಅವನ ತಂಗಿ ಶೃತಿಗೆ ಹದಿನೆಂಟು ವರ್ಷ. ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ, ಹಾಗಾಗಿ ಮಾತೂ ಬಂದಿರಲಿಲ್ಲ. ಭಜನೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಅಪ್ಪ ತೊಟ್ಟಿಲಲ್ಲಿ ಆಸೆಯಿಂದ ಇಟ್ಟ ಹೆಸರು ಅದು. ಅಪ್ಪ ತೀರಿಕೊಂಡ ಮೇಲೆ ಆ ಹೆಸರಿನಿಂದ ಕರೆಯುವವರೂ ಇಲ್ಲವಾದರು. ಊರಲ್ಲಿ ಎಲ್ಲರಿಗೂ ಆಕೆ ಬರೀ "ಮೂಗಿ".

"ಅಕ್ಕಾ, ಇವ್ಳಿಗೆ ಏನೂ ತಿಳಿಯಾಕಿಲ್ಲ. ಸುಮ್ನೆ ಒಂದು ಕಡೆ ಕೂರ್ಸಿ, ದಾರ ಕತ್ತರಿಸ್ಕೊಂಡು ಇರ್ತಾಳೆ," ಎಂದು ತಿಮ್ಮರಾಜು ಮೈಲಾರಮ್ಮನಿಗೆ ಹೇಳಿದ. ಅವನ ಮಾತಿನಲ್ಲಿ ಸಿಟ್ಟೂ ಇರಲಿಲ್ಲ, ಅಸಡ್ಡೆಯೂ ಇರಲಿಲ್ಲ. ಹಾಗೆಂದೇ ನಂಬಿ ಬೆಳೆದಿದ್ದ.

ಗಂಗಾಧರಪ್ಪ ಆಕೆಗೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿದ ಸ್ಟೂಲು ಕೊಟ್ಟ. ಶೃತಿ ಅಲ್ಲಿ ಕೂತು, ಬೇರೆಯವರು ಹೊಲಿದ ಪ್ಯಾಂಟುಗಳಲ್ಲಿ ಉಳಿದ ದಾರದ ತುದಿ ಕತ್ತರಿಸುವಳು. ಹಿಂದೆ ನಲವತ್ತು ಮಷಿನ್ನುಗಳು, ಮುಂದೆ ಸುಣ್ಣದ ಗೋಡೆ. ಮಧ್ಯಾಹ್ನ ಎಲ್ಲರೂ ಎದ್ದು ಹೋದದ್ದೂ ಆಕೆಗೆ ಗೊತ್ತಾಗುತ್ತಿರಲಿಲ್ಲ. ಹಿಂದಿರುಗಿ ನೋಡಿದಾಗ ಶೆಡ್ಡು ಖಾಲಿ ಇರುತ್ತಿತ್ತು.

ಮೈಲಾರಮ್ಮ ಇದನ್ನು ದಿನಾ ನೋಡುತ್ತಿದ್ದಳು. ಆದರೆ ಮಾಡುವುದೇನು ಎಂದು ತಿಳಿಯಲಿಲ್ಲ. ಮೊದಲ ವಾರ ಆಕೆ ಮಾಡಿದ ಉಪಾಯ ಒಂದೇ, ಜೋರಾಗಿ ಕೂಗುವುದು. ಶೃತಿಯ ಕಿವಿಯ ಹತ್ತಿರ ಬಾಯಿ ಇಟ್ಟು, "ಶೃತೀ! ಊಟಕ್ಕ ಬಾರವ್ವಾ!" ಎಂದು ಕಿರುಚುವಳು. ಬೀದಿಯಲ್ಲಿ ಹೋಗುವವರು ನಿಂತು ನೋಡುವರು. ಶೃತಿ ಮಾತ್ರ ಕಿವಿಗೆ ಬಡಿದ ಉಸಿರಿಗೆ ಕಚಗುಳಿಯಾಗಿ ಭುಜ ಕುಗ್ಗಿಸುವಳು.

"ನಿಮ್ಮ ಕೂಗಿಗೆ ಸತ್ತ ಹೆಣ ಎದ್ದು ಬರ್ತಾವು. ಆಕಿಗೆ ಕೇಳಂಗಿಲ್ಲ ಅಂದ್ರ ಕೇಳಂಗಿಲ್ಲ ಬಿಡ್ರಿ," ಎಂದಳು ಪಕ್ಕದ ಮಷಿನ್ನಿನ ಜ್ಯೋತಿ. ಸಾಲಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಎಲ್ಲರಿಗಿಂತ ವಾಚಾಳಿ.

ಒಂದು ಮಧ್ಯಾಹ್ನ ಶೃತಿ ಅಕಸ್ಮಾತ್ತಾಗಿ ಈ ಕಡೆ ತಿರುಗಿದಳು. ಬಾಗಿಲ ಬಳಿ ಡಬ್ಬಿ ಹಿಡಿದು ನಿಂತಿದ್ದ ಮೈಲಾರಮ್ಮನ ಕೈ ತಾನಾಗಿಯೇ ಮೇಲೆದ್ದಿತು. ಬೆರಳುಗಳನ್ನು ಕೂಡಿಸಿ ಬಾಯಿಯ ಕಡೆ, ಆಮೇಲೆ ತೋಳನ್ನು ಅಗಲವಾಗಿ ಬೀಸಿ ತನ್ನ ಕಡೆ. ಎರಡು ಹೊಲದಾಚೆ ಕುರಿ ಕಾಯುತ್ತಿದ್ದ ಅಪ್ಪನನ್ನು ಬುತ್ತಿಗೆ ಕರೆಯುತ್ತಿದ್ದ ಸನ್ನೆ ಅದು. ಗಾಳಿಗೆ ಕೂಗು ಹೋಗದ ಬಯಲಿನಲ್ಲಿ ಕುರಿಗಾರರಿಗೆಲ್ಲ ಕೈಯೇ ಬಾಯಿ.

ಶೃತಿ ಕತ್ತರಿ ಕೆಳಗಿಟ್ಟು, ಎದ್ದು, ನೇರ ಬಂದು ಪಕ್ಕದಲ್ಲಿ ಕೂತಳು.

ಮೈಲಾರಮ್ಮ ಡಬ್ಬಿಯ ಮುದ್ದೆ ಮುರಿದು ಆಕೆಗೂ ಕೊಟ್ಟಳು. ಇಷ್ಟು ದಿನ ಗಂಟಲು ಹರಿದುಕೊಂಡೆನಲ್ಲ, ಕೈ ಇತ್ತಲ್ಲ ನನಗೆ ಎಂದು ತನ್ನನ್ನೇ ಬೈದುಕೊಂಡಳು. ಆವತ್ತೇ ಶುರು. ಕುರಿಗಾರರ ಕೈಯಲ್ಲಿ ನೀರಿಗೊಂದು, ತೋಳಕ್ಕೊಂದು, ಮರಿ ಹಾಕಿದ್ದಕ್ಕೊಂದು, "ಬಿಸಿಲು ಜಾಸ್ತಿ, ನೆರಳಿಗೆ ಬಾ" ಎನ್ನುವುದಕ್ಕೊಂದು ಸನ್ನೆ. ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ಕುರಿಯ ಬೆಲೆ ಹೇಳುವ ಲೆಕ್ಕವೂ ಆಕೆಗೆ ಗೊತ್ತಿತ್ತು. ಅದನ್ನೆಲ್ಲ ಶೃತಿಗೆ ಕೊಟ್ಟಳು. ಶೃತಿ ತಾನು ಬಾಲ್ಯದಿಂದ ಒಬ್ಬಳೇ ಮಾಡಿಕೊಂಡಿದ್ದ, ಯಾರೂ ನೋಡದಿದ್ದ ನೂರಾರು ಸನ್ನೆಗಳನ್ನು ಎದುರು ಕೊಟ್ಟಳು. ಆ ಹುಡುಗಿಗೆ ಏನೂ ತಿಳಿಯುವುದಿಲ್ಲ ಎಂದವರಾರು? ಮಷಿನ್ನಿನ ಅಡಿಯ ಬಾಬಿನ್ನಿನಲ್ಲಿ ದಾರ ಮುಗಿಯುವುದು, ಮೇಜಿನ ಅದುರಿನಿಂದ ಆಕೆಯ ಅಂಗೈಗೇ ತಿಳಿಯುತ್ತಿತ್ತು. ತಿಂಗಳು ಕಳೆಯುವುದರೊಳಗೆ ಸ್ಟೂಲನ್ನು ಸಾಲಿನ ಕಡೆ ತಿರುಗಿಸಿಕೊಂಡು, ಜ್ಯೋತಿ ಎದ್ದಾಗಲೆಲ್ಲ ಅವಳ ಮಷಿನ್ನಿನ ಮುಂದೆ ಕೂತು ಬೆಲ್ಟಿನ ಲೂಪು ಹೊಲಿಯತೊಡಗಿದಳು.

ಇನ್ನೊಂದು ಸಂಗತಿ ಮೆಲ್ಲಗೆ ಎಲ್ಲರಿಗೂ ಗೊತ್ತಾಯಿತು. ನಲವತ್ತು ಮಷಿನ್ನುಗಳು ಒಮ್ಮೆಗೇ ಓಡುವಾಗ ಆ ಶೆಡ್ಡಿನಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಈಗ ಈ ತುದಿಯಿಂದ ಆ ತುದಿಗೆ ಮೈಲಾರಮ್ಮ ಮತ್ತು ಶೃತಿ ಆರಾಮಾಗಿ ಹರಟುತ್ತಿದ್ದರು. ಜ್ಯೋತಿಗೆ ಹೊಟ್ಟೆಕಿಚ್ಚಾಯಿತು. "ನನಗೂ ಕಲಿಸ್ರಿ" ಎಂದಳು. ಆಕೆ ಕಲಿತಳೆಂದು ಮತ್ತೊಬ್ಬಳು, ಮತ್ತೊಬ್ಬಳು ಕಲಿತಳೆಂದು ಇಡೀ ಸಾಲು. ಮನೆಯ ಸಾರು, ಅತ್ತೆಯ ಕಿರಿಕಿರಿ, ಸಂಜೆಯ ಬಸ್ಸು ಎಲ್ಲ ಕೈಯಲ್ಲೇ ನಡೆಯತೊಡಗಿತು. ಒಬ್ಬೊಬ್ಬರಿಗೆ ಕೈಯ ಅಡ್ಡಹೆಸರನ್ನೂ ಶೃತಿಯೇ ಇಟ್ಟಳು. ಭಂಡಾರ ಬಳಿದಂತೆ ಹಣೆಗೆ ಮೂರು ಬೆರಳು ಎಳೆದರೆ ಮೈಲಾರಮ್ಮ. ತುಟಿಯ ಮುಂದೆ ಬೆರಳುಗಳನ್ನು ಪಟಪಟ ಬಡಿದರೆ ಜ್ಯೋತಿ. ಎರಡು ಬೆರಳು ಮೂಗಿಗೆ ಇಟ್ಟು ತಲೆ ಕೊಡವಿದರೆ ಯಜಮಾನ.

ಗ್ರಹಚಾರಕ್ಕೆ ಒಂದು ದಿನ ಕರೆಂಟು ಹೋಯಿತು. ಮಷಿನ್ನುಗಳು ನಿಂತವು. ಜ್ಯೋತಿ ಅತ್ತ ಸಾಲಿನವರಿಗೆ ಮೂಗು ಹಿಡಿದು, ತಲೆ ಕೊಡವಿ, ಹೊಟ್ಟೆಯನ್ನೂ ಗುಂಡಗೆ ತೋರಿಸಿ ಏನೋ ಹೇಳುತ್ತಿದ್ದಾಳೆ, ಹಿಂದೆ ಗಂಗಾಧರಪ್ಪ ನಿಂತಿದ್ದಾನೆ.

"ಯಾರಮ್ಮಾ ಅದು?" ಎಂದ.

ಜ್ಯೋತಿ ತಟ್ಟನೆ ಕೈ ಕೆಳಗಿಳಿಸಿದಳು. ಸುಳ್ಳು ಹೇಳಲು ಮೈಲಾರಮ್ಮನಿಗೆ ಬರುತ್ತಿರಲಿಲ್ಲ. "ನೀವ್ರಿ ಸಾವ್ಕಾರ್ರ," ಎಂದಳು.

ಗಂಗಾಧರಪ್ಪನ ಮುಖ ಕೆಂಪಾಯಿತು. ಇದಕ್ಕೆಲ್ಲ ಮೂಲ ಆ ಹುಡುಗಿ ಎಂದು, ಶೃತಿಯ ಸ್ಟೂಲನ್ನು ಮತ್ತೆ ಗೋಡೆಯ ಕಡೆ ತಿರುಗಿಸಿದ. ತಿಮ್ಮರಾಜು ತಲೆ ತಗ್ಗಿಸಿದ. ಶೃತಿ ಹೋಗಿ ಕೂತಳು. ಆ ಬೆನ್ನು ನೋಡಿ ಮೈಲಾರಮ್ಮನಿಗೆ ಕೆಲಸ ಮಾಡಲಾಗಲಿಲ್ಲ.

ಮರುದಿನ ಮಧ್ಯಾಹ್ನ ಆಕೆ ತನ್ನ ಡಬ್ಬಿ ತೆಗೆದುಕೊಂಡು ಹೋಗಿ ಶೃತಿಯ ಪಕ್ಕ ನೆಲದ ಮೇಲೆ ಗೋಡೆಗೆ ಮುಖ ಮಾಡಿ ಕೂತಳು. ಜ್ಯೋತಿಯೂ ಹೋದಳು, ಅದು ಅವಳದೇ ತಪ್ಪು ತಾನೆ. ಆಮೇಲೆ ಒಬ್ಬೊಬ್ಬರೇ. ಗಂಗಾಧರಪ್ಪ ಊಟ ಮುಗಿಸಿ ಬಂದಾಗ ಹದಿನಾಲ್ಕು ಹೆಂಗಸರ ಬೆನ್ನುಗಳು ಮಾತ್ರ ಕಂಡವು.

"ಏನಿದು, ಧರಣಿನೇನು?"

"ಇಲ್ರಿ ಸಾವ್ಕಾರ್ರ," ಎಂದಳು ಮೈಲಾರಮ್ಮ ತಿರುಗದೆ. "ಗ್ವಾಡಿ ಕಡಿ ತಂಪೈತ್ರಿ."

ಗಂಗಾಧರಪ್ಪ ನಶ್ಯದ ಡಬ್ಬಿ ತೆಗೆದ. ಗಡಿಬಿಡಿಯಲ್ಲಿ ದೊಡ್ಡ ಚಿಟಿಕೆಯೇ ಏರಿತು. ಸೀನಿದ, ಮತ್ತೆ ಸೀನಿದ, ತಲೆ ಕೊಡವಿ ಕೊಡವಿ ಕನ್ನಡಕವೇ ಜಾರಿ ಬಿತ್ತು. ಅಷ್ಟರಲ್ಲಿ ಶೃತಿ ತಿರುಗಿ ನೋಡಿದ್ದಳು. ತಾನು ಇಟ್ಟ ಹೆಸರು ಕಣ್ಣೆದುರಿಗೆ ಕುಣಿಯುವುದನ್ನು ಕಂಡು ಆಕೆಗೆ ತಡೆಯಲಾಗಲಿಲ್ಲ. ಗಹಗಹಿಸಿ ನಕ್ಕಳು. ಆಕೆಯ ದನಿ ಶೆಡ್ಡಿನವರು ಕೇಳಿದ್ದು ಅದೇ ಮೊದಲು. ಕೊಡದಿಂದ ನೀರು ಸುರಿದಂಥ ದೊಡ್ಡ, ಒರಟು, ತುಂಬು ನಗು. ಹದಿನಾಲ್ಕು ಜನ ಕೂಡಿ ನಕ್ಕರು. ಕೊನೆಗೆ ಗಂಗಾಧರಪ್ಪನೂ ಕನ್ನಡಕ ಒರೆಸುತ್ತ ನಕ್ಕುಬಿಟ್ಟ. "ಹೊಟ್ಟಿ ಮಾತ್ರ ಅಷ್ಟು ದೊಡ್ಡದು ತೋರಿಸಬ್ಯಾಡ್ರಮ್ಮ," ಎಂದು ತಾನೇ ಸ್ಟೂಲನ್ನು ಎತ್ತಿ ಸಾಲಿನ ನಡುವೆ ಇಟ್ಟ.

ಇಷ್ಟಾದರೂ ಮೈಲಾರಮ್ಮನ ಮನಸ್ಸಿನ ಮೂಲೆಯಲ್ಲಿ ಒಂದು ಗುಟ್ಟು ಇತ್ತು. ಶೃತಿ ಬಂದ ಹೊಸತರಲ್ಲೇ ಆಕೆ ಗುಡ್ಡದ ಬುಡದ ಮೈಲಾರಲಿಂಗನ ಗುಡಿಗೆ ಹೋಗಿ ಹರಕೆ ಹೊತ್ತಿದ್ದಳು. "ಈ ಹುಡುಗಿಗೆ ಮಾತು ಕೊಡಪ್ಪಾ. ಐದು ಸೇರು ಭಂಡಾರ ಹಾರಿಸ್ತೀನಿ, ಗೊರವಪ್ಪಗಳಿಗೆ ದೋಣಿ ತುಂಬಿಸ್ತೀನಿ." ಮೈಲಾರನಿಗೆ ಮುಡಿಪಾದ, ಕರಿ ಕಂಬಳಿ ತೊಟ್ಟ ಗೊರವರು ತಮ್ಮ ಒಡೆಯನ ನಾಯಿಗಳಂತೆ ಬೊಗಳುತ್ತ ಬಂದು, ಮರದ ದೋಣಿಯಲ್ಲಿ ತುಂಬಿಟ್ಟ ಹಾಲು, ತುಪ್ಪ, ಬಾಳೆಹಣ್ಣು, ಬೆಲ್ಲವನ್ನು ಮಂಡಿಯೂರಿ ತಿನ್ನುವ ಸೇವೆ ಅದು. ದೊಡ್ಡ ಹರಕೆ.

ಏಳು ಭಾನುವಾರ ತಪ್ಪದೆ ಹೋದಳು. ಭಂಡಾರ ತಂದು ಶೃತಿಯ ನಾಲಿಗೆಗೆ ಹಚ್ಚಿದಳು. ಶೃತಿ ಮುಖ ಕಿವುಚಿ ಉಗಿದು, "ಕಹಿ" ಎಂದು ಕೈಯಲ್ಲಿ ಹೇಳಿದಳೇ ಹೊರತು ಬಾಯಿಂದ ಒಂದಕ್ಷರ ಹೊರಡಲಿಲ್ಲ. ಎಂಟನೇ ಭಾನುವಾರ ಮೈಲಾರಮ್ಮ ದೇವರ ಮುಂದೆ ಸೊಂಟಕ್ಕೆ ಕೈ ಇಟ್ಟು ನಿಂತು, "ಏನಪ್ಪಾ, ನಿನಗೂ ಕಿವಿ ಕೇಳಂಗಿಲ್ಲೇನು?" ಎಂದಳು. ಹಿಂದೆ ನಿಂತಿದ್ದ ಮುದಿ ಗೊರವ ತಿಪ್ಪಯ್ಯ ಗಾಬರಿಯಾಗಿ, "ಏ ತಾಯಿ, ತಪ್ಪಾತು ಅನ್ನು!" ಎಂದ. ಆಕೆ ಅನ್ನಲಿಲ್ಲ. ಎರಡು ತಿಂಗಳು ಗುಡಿಯ ಕಡೆ ತಲೆಯನ್ನೂ ಹಾಕಲಿಲ್ಲ. ಮಷಿನ್ನಿಗೆ ಭಂಡಾರ ಹಾಕುವುದನ್ನು ಮಾತ್ರ ಬಿಡಲಿಲ್ಲ. ಸಿಟ್ಟು ಸಿಟ್ಟೇ, ನಂಬಿಕೆ ನಂಬಿಕೆಯೇ.

ಆ ಚಳಿಗಾಲದಲ್ಲಿ ಶೃತಿಯ ತಾಯಿ ಕದರಮ್ಮ ಮಗಳನ್ನು ನೋಡಲು ಬಸ್ಸಿನಲ್ಲಿ ಬಂದಿಳಿದಳು. ಸಣಕಲು ಹೆಂಗಸು, ತಲೆಯ ಮೇಲೆ ಒಂದು ಚೀಲ. ಶೆಡ್ಡಿಗೆ ರಜೆ ಇದ್ದ ದಿನ. ತಿಮ್ಮರಾಜು ತಾಯಿ, ತಂಗಿ ಇಬ್ಬರನ್ನೂ ಮೈಲಾರಮ್ಮನ ಮನೆಗೆ ಕರೆತಂದ.

"ನೀವೇನಾ ಮೈಲಾರಕ್ಕ? ನನ್ ಮಗಳ್ನ ನೋಡ್ಕೊಂಡೋರು," ಎಂದು ಕದರಮ್ಮ ಚೀಲ ಮುಂದಿಟ್ಟಳು. "ಕಡ್ಲೇಕಾಯಿ ತಂದೀನಿ ಕಣಕ್ಕಾ, ನಮ್ ಹೊಲದ್ದು."

"ನಾವು ಶೇಂಗಾ ಅಂತೀವ್ರಿ."

ಶೃತಿ ನಡುವೆ ಬಂದು ಹೆಬ್ಬೆರಳು ತೋರುಬೆರಳಲ್ಲಿ ಸಿಪ್ಪೆ ಒಡೆದಂತೆ ಮಾಡಿದಳು. ಮೈಲಾರಮ್ಮ ನಕ್ಕು, "ನಿಮ್ಮ ಮಗಳು ಹೇಳೋದು ಇಬ್ಬರಿಗೂ ತಿಳೀತೈತಿ ನೋಡ್ರಿ," ಎಂದಳು.

ಕದರಮ್ಮ ಮಗಳ ಕೈಯನ್ನೇ ಬೆರಗಾಗಿ ನೋಡಿದಳು. "ಇವ್ಳು ಊರಲ್ಲೂ ಹಿಂಗೇ ಕೈ ಆಡಿಸ್ತಿದ್ಲು. ಏನೋ ಚೇಷ್ಟೆ ಅನ್ಕೊಂಡಿದ್ದೆ."

ಶೃತಿ ತಾಯಿಯ ಎದುರು ಕೂತಳು. ಬಹಳ ದಿನದಿಂದ ಕಾದಿಟ್ಟುಕೊಂಡಿದ್ದವಳಂತೆ ನಿಧಾನವಾಗಿ ಹೇಳತೊಡಗಿದಳು. ತಲೆಯ ಮೇಲೆ ಎರಡು ಕೊಂಬು. ಹಣೆಯಲ್ಲಿ ಒಂದು ಚುಕ್ಕೆ. ಬಾಗಿಲ ಪರದೆಯ ಕೆಂಪು ಬಣ್ಣ ಮುಟ್ಟಿ ತೋರಿಸಿದಳು. ಆಮೇಲೆ ತನ್ನ ಎದೆ ಮುಟ್ಟಿ, ಮೊಣಕಾಲೆತ್ತರ ಕೈ ಹಿಡಿದು, ಕೆನ್ನೆಗೆ ಅಂಗೈ ಇಟ್ಟು ಕಣ್ಣು ಮುಚ್ಚಿದಳು. ಕಣ್ಣು ತೆರೆದು ಸುತ್ತ ಹುಡುಕಿದಳು. ಎರಡೂ ಕೈ ಖಾಲಿ ಚಾಚಿದಳು.

"ಹಸು ಬಗ್ಗೆ ಕೇಳ್ತಾಳ್ರಿ," ಎಂದಳು ಮೈಲಾರಮ್ಮ. "ಕೆಂಪು ಹಸು, ಹಣಿ ಮ್ಯಾಲೆ ಚುಕ್ಕಿ. ನಾನು ಸಣ್ಣಾಕಿ ಇದ್ದೆ, ಮಲಗಿ ಎದ್ದೆ, ಹಸು ಇರಲಿಲ್ಲ. ಎಲ್ಲಿ ಹೋತು ಅಂತಾಳ."

ಕದರಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ, ಕೆಂಪಿ! ಅದ್ನ ಕೊಟ್ಟು ಹನ್ನೊಂದು ವರ್ಷ ಆಯ್ತಲ್ಲಮ್ಮ! ಇವ್ಳಿಗೆ ಏಳು ವರ್ಷ ಆಗ. ಮೂರು ದಿನ ಅನ್ನ ಮುಟ್ಟಲಿಲ್ಲ, ಕೊಟ್ಟಿಗೆ ಸುತ್ತಾನೇ ಸುತ್ತಿದ್ಲು. ನಾನು ಜ್ವರ ಅನ್ಕೊಂಡು ಅಂತ್ರ ತಾಯಿತ ಕಟ್ಟಿಸ್ದೆ ಕಣಕ್ಕಾ, ಅಂತ್ರ ಕಟ್ಟಿಸ್ದೆ!"

ಅಳು ಬಂತು ಆಕೆಗೆ. ಮೈಲಾರಮ್ಮ ಆಕೆಯ ಎರಡೂ ಕೈ ಹಿಡಿದು, "ಅಳೋದು ಆಮ್ಯಾಲೆ. ಮೊದಲು ಜವಾಬು ಕೊಡ್ರಿ. ಹಸು ಎಲ್ಲೈತಿ?" ಎಂದಳು.

"ನಮ್ಮಕ್ಕನ ಮನೇಲಿ. ಇನ್ನೂ ಐತೆ, ಮುದುಕಿ ಆಗೈತೆ."

ಹೇಗೆ ಹೇಳಬೇಕೆಂದು ಮೈಲಾರಮ್ಮ ತೋರಿಸಿಕೊಟ್ಟಳು. ಕದರಮ್ಮ ಕೈಯಿಂದ ಕೊಂಬು ಮಾಡಿದಳು. ಹಗ್ಗ ಹಿಡಿದು ಇನ್ನೊಬ್ಬರ ಕೈಗೆ ಕೊಟ್ಟಂತೆ ಮಾಡಿದಳು. ದೊಡ್ಡಮ್ಮನ ಗುರುತಿಗೆ ಮೂಗಿನ ದೊಡ್ಡ ನತ್ತು ತೋರಿಸಿದಳು. ಆರು ಬೆರಳೆತ್ತಿ, ಆರು ಕರು ಎಂದಳು. ಕೊನೆಗೆ ಯಾರೂ ಹೇಳಿಕೊಡದೆಯೇ ತುಟಿ ಒಳಗೆಳೆದು, ಹಲ್ಲಿಲ್ಲದ ಹಸು ಮೇವು ಮೆಲ್ಲುವುದನ್ನು ಮಾಡಿ ತೋರಿಸಿದಳು. ಶೃತಿ ಆ ದೊಡ್ಡ ನಗು ನಕ್ಕು ತಾಯಿಯ ಮಡಿಲಿಗೆ ಬಿದ್ದಳು. ಗೋಡೆಗೊರಗಿ ನಿಂತಿದ್ದ ತಿಮ್ಮರಾಜು ಬೀದಿ ನೋಡುವ ನೆಪದಲ್ಲಿ ಹೊರಗೆ ಹೋದ.

"ನನ್ ಮಗಳು ನನ್ ಜೊತೆ ಮಾತಾಡಿದ್ಲು ಕಣಕ್ಕಾ," ಎಂದಳು ಕದರಮ್ಮ. "ಮಾತಾಡಿದ್ಲು!"

ಮೈಲಾರಮ್ಮ ಕೂತಲ್ಲಿಂದ ದಡಕ್ಕನೆ ಎದ್ದಳು.

"ಏನಂದ್ರಿ? ಇನ್ನೊಮ್ಮೆ ಅನ್ರಿ."

"ಮಾತಾಡಿದ್ಲು ಅಂದೆ."

"ಅಯ್ಯಯ್ಯೋ, ನನ್ನ ಹರಕಿ!" ಎಂದು ಮೈಲಾರಮ್ಮ ತಲೆಗೆ ಕೈ ಹಚ್ಚಿದಳು. ಹೆತ್ತ ತಾಯಿಯೇ ಮಾತು ಬಂತೆಂದ ಮೇಲೆ ಇನ್ನಾರನ್ನು ಕೇಳುವುದು? ದೇವರು ಕೊಟ್ಟು ಎಷ್ಟೋ ದಿನವಾಗಿದೆ, ತಾನು ತೆಗೆದುಕೊಂಡದ್ದೇ ತಿಳಿಯದೆ ಸೊಂಟಕ್ಕೆ ಕೈ ಇಟ್ಟು ಜಗಳವಾಡಿದ್ದಾಯಿತು. ಹನುಮಂತರಾಯನ ಆಟೋ ಆ ಸಂಜೆಯೇ ಅರಿಶಿನ, ತುಪ್ಪ, ಬಾಳೆಗೊನೆ ತರಲು ಹೊರಟಿತು.

ಮುಂದಿನ ಭಾನುವಾರ ಇಡೀ ಸಾಲು ಗುಡಿಗೆ ಬಂದಿತ್ತು. ಗಂಗಾಧರಪ್ಪ ಒಂದು ಡಬ್ಬಿ ತುಪ್ಪ ಕಳಿಸಿದ್ದ. ಮುದಿ ತಿಪ್ಪಯ್ಯ ದೋಣಿಯ ಮುಂದೆ ನಿಂತು ಕೇಳಿದ, "ಹುಡುಗಿಗೆ ಮಾತು ಬಂತೇನವ್ವಾ?"

"ಬಂತ್ರಿ. ಸುಮ್ಮನಿರು ಅಂದ್ರ ಸುಮ್ಮನಿರಂಗಿಲ್ಲ."

ಶೃತಿ ಗೊರವನ ಕರಡಿ ತೊಗಲಿನ ಟೊಪ್ಪಿಗೆ ನೋಡಿ, ಅದರಿಂದ ಸೆಕೆಯಾಗುವುದಿಲ್ಲವೇ ಎಂದು ಕೈಯಲ್ಲಿ ಕೇಳಿದಳು. ತಿಪ್ಪಯ್ಯ ಹುಬ್ಬು ಗಂಟಿಕ್ಕಿದ. "ದನಿ ಎಲ್ಲೈತಿ? ಇದು ಮಾತೇನು?"

"ಅಜ್ಜಾರ," ಎಂದಳು ಮೈಲಾರಮ್ಮ, "ನೀವು ಒಡೆಯನ ಮುಂದ ನಾಯಿ ಹಂಗ ಬೊಗಳ್ತೀರಿ. ಅದು ಆತಗ ತಿಳೀತೈತೋ ಇಲ್ಲೋ?"

"ತಿಳೀದ ಏನು? ತಿಳೀತೈತಿ!"

"ಹಂಗಾದ್ರ ಇದೂ ತಿಳೀತೈತ್ರಿ."

ತಿಪ್ಪಯ್ಯ ಗಡ್ಡ ಅಲುಗುವಂತೆ ನಕ್ಕು, ಡಮರುಗ ಎತ್ತಿ, ಶೃತಿಯ ಅಂಗೈಯನ್ನು ಅದರ ಚರ್ಮಕ್ಕೆ ಒತ್ತಿ ಹಿಡಿದು ಬಾರಿಸಿದ. ಆಕೆಯ ಕಣ್ಣು ಅಗಲವಾದವು. ಐದು ಸೇರು ಭಂಡಾರ ಹಾರಿತು. ಜ್ಯೋತಿಯ ಜಡೆ, ಕದರಮ್ಮನ ಸೆರಗು, ತಿಮ್ಮರಾಜುವಿನ ಬಿಳಿ ಅಂಗಿ ಎಲ್ಲ ಹಳದಿ.

ಆಮೇಲಿನ ವರ್ಷಗಳಲ್ಲಿ ಶೃತಿ ಆ ಶೆಡ್ಡಿನ ಜಿಪ್ಪು ಹೊಲಿಯುವ ಗಟ್ಟಿ ಕೆಲಸಗಾರ್ತಿಯಾದಳು. ಆಕೆಯ ಸುದ್ದಿ ಕೇಳಿ ಬೆಳುಗುಪ್ಪ ಕಡೆಯಿಂದ ಕೃಷ್ಣವೇಣಿ ಎಂಬ ಇನ್ನೊಬ್ಬ ಕಿವುಡಿಯನ್ನು ಅವಳ ಮನೆಯವರು ಕರೆತಂದರು. ಅವಳಿಗೆ ಗೋಡೆಯ ಕಡೆಯ ಸ್ಟೂಲು ಕೊಡುವ ಮಾತೇ ಬರಲಿಲ್ಲ. ಮೈಲಾರಮ್ಮನ ಕೂದಲು ನರೆತು, ಕನ್ನಡಕ ಬಂದಿದೆ. ಜೇಬು ಕೂಡಿಸುವುದು ಈಗಲೂ ಆಕೆಯೇ.

ಕದರಮ್ಮ ಊರಲ್ಲೇ ಇದ್ದಾಳೆ, ಅವಳ ಮನೆಗೆ ಈಗ ಮುಖ ಕಾಣುವ ದೊಡ್ಡ ಫೋನು ಬಂದಿದೆ. ಭಾನುವಾರ ಬಂತೆಂದರೆ ಅದನ್ನು ನೀರಿನ ಬಿಂದಿಗೆಗೆ ಒರಗಿಸಿಟ್ಟು ಎದುರು ಕೂರುತ್ತಾಳೆ. ಈ ಕಡೆ ಶೃತಿ ಮೈಲಾರಮ್ಮನ ಮನೆಯ ಜಗಲಿಯ ಮೇಲೆ. ರಾಗಿ ಮುದ್ದೆ ಮೆತ್ತಗಿರಬೇಕೋ ಗಟ್ಟಿಯಿರಬೇಕೋ ಎಂದು ತಾಯಿ ಮಗಳಿಗೆ ದೊಡ್ಡ ಜಗಳ. ಕೈಗಳು ಹಾರಾಡುತ್ತವೆ, ಬಳೆ ಝಣಝಣ ಅನ್ನುತ್ತವೆ. ಹನುಮಂತರಾಯ ಮಧ್ಯಾಹ್ನದ ನಿದ್ದೆ ಬಿಟ್ಟು ಎದ್ದು ಬಂದು, "ಇವರಿಬ್ಬರ ಗದ್ದಲ ನೋಡಿದ್ರ ನಿದ್ದಿ ಹತ್ತಂಗಿಲ್ಲಪ್ಪ," ಎಂದು ಗೊಣಗಿ, ಚಹಾ ಇಡಲು ಒಳಗೆ ಹೋಗುತ್ತಾನೆ.